ನೀರಲ್ಲಿ ಗಿಡ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮನೆ ಬಾಲ್ಕನಿಯ ಆರ್ಕಿಡ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಣ್ಣಿಲ್ಲ, ತೆಂಗಿನ ಸಿಪ್ಪೆಯಿಲ್ಲ. ಖಾಲಿಯಾದ ಮೊಸರಿನ ಡಬ್ಬಿಯಲ್ಲಿ ಸುಟ್ಟ ಜೇಡಿಮಣ್ಣಿನ ಉಂಡೆ, ತಳದಲ್ಲಿ ಒಂದು ಇಂಚು ನೀರು, ಅಷ್ಟೇ ಅಂತ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಗುಲಾಬಿ ಗೊಬ್ಬರದ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಈ ಸಲ ಪೂರ್ತಿ ಜಾಗ ನೀರಿನ ಗಿಡಗಳಿಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ತೋಟಗಾರಿಕೆ ಓದಿದವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ, ಪೂರ್ವಕ್ಕೆ ಬಾಲ್ಕನಿ. ಇಲ್ಲಿಯವರೆಗೆ ಏಳು ಆರ್ಕಿಡ್ ಕೊಂದಿದ್ದೇನೆ. ಉತ್ತರಗಳೆಲ್ಲ ಆ ಏಳರ ಪುಣ್ಯ.

*

ಮೇಡಂ, ಮಗಳು ಹುಟ್ಟುಹಬ್ಬಕ್ಕೆ ನೇರಳೆ ಹೂವಿನ ಫಲನಾಪ್ಸಿಸ್ ಆರ್ಕಿಡ್ ಕೊಟ್ಟಳು. ವಿಡಿಯೊ ನೋಡಿ ಬೇರೆಲ್ಲ ತೊಳೆದು, ಗಾಜಿನ ಹೂದಾನಿಯಲ್ಲಿ ನೀರು ತುಂಬಿಸಿ ಇಟ್ಟೆ. ಒಂದು ವಾರ ಬಹಳ ಚಂದ ಕಾಣಿಸಿತು. ಮೂರನೇ ವಾರಕ್ಕೆ ಬೇರು ಕಂದು ಬಣ್ಣಕ್ಕೆ ತಿರುಗಿತು, ನೀರು ವಾಸನೆ ಬರುತ್ತಿದೆ. ವಿಡಿಯೊದವರದ್ದು ಬದುಕಿದೆ, ನನ್ನದು ಯಾಕೆ ಕೊಳೆಯಿತು? ಉಳಿಸಿಕೊಳ್ಳಬಹುದಾ?
— ಓದುಗರು, ಹುಬ್ಬಳ್ಳಿ

ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಹೂವಿನ ಹಾರ ಎರಡು ದಿನ ಪ್ಲಾಸ್ಟಿಕ್ ಕವರಿನಲ್ಲಿ ಉಳಿದರೆ ಬರುತ್ತದಲ್ಲ, ಅದೇ. ನನ್ನ ಮೊದಲನೆಯ ಗಿಡ ಹೋಗಿದ್ದೂ ಹೀಗೆ.

ನಾನು ಹುಟ್ಟಿದ್ದು ಸಾಗರದ ಕಡೆ ಒಂದು ಹಳ್ಳಿಯಲ್ಲಿ. ಮನೆ ಹಿಂದಿನ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇತ್ತು. ಮಳೆಗಾಲಕ್ಕೆ ಮುಂಚೆ ನರಿಬಾಲದ ಹಾಗೆ ಜೋತುಬೀಳುವ ಬಿಳಿ-ನೇರಳೆ ಹೂವು. ಅದೂ ಆರ್ಕಿಡ್ಡೇ. ಅದರ ಬೇರು ಮಣ್ಣನ್ನು ಕಂಡಿದ್ದೇ ಇಲ್ಲ. ತೊಗಟೆಗೆ ಅಂಟಿಕೊಂಡು ಅರ್ಧ ಗಾಳಿಯಲ್ಲೇ ಇರುತ್ತಿತ್ತು. ಬೇಸಿಗೆಯಲ್ಲಿ ಬೂದಿ ಬಣ್ಣ, ಒಂದು ಮಳೆ ಬಿದ್ದರೆ ಹತ್ತು ನಿಮಿಷದಲ್ಲಿ ಹಸಿರು. ಹುಡುಗಿಯಾಗಿದ್ದಾಗ ಚೊಂಬಿನಲ್ಲಿ ನೀರು ತಂದು ಬೇರಿಗೆ ಎರಚಿ, ಬಣ್ಣ ಬದಲಾಗೋದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಆ ಬೇರಿನ ಹೊರಗಡೆ ಸ್ಪಂಜಿನಂಥ ಪದರ ಇದೆ. ವೆಲಾಮೆನ್ ಅನ್ನುತ್ತಾರೆ. ಸತ್ತ ಜೀವಕೋಶಗಳ ಪದರ ಅದು, ಒಣಗಿದ್ದಾಗ ಒಳಗೆಲ್ಲ ಗಾಳಿ. ಮಳೆ ಬಂದ ಕೂಡಲೇ ನೀರು ಹೀರಿ ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಕಾಣುತ್ತದೆ. ಆಮೇಲೆ ಮತ್ತೆ ಒಣಗಬೇಕು. ಒಣಗದಿದ್ದರೆ ಆ ಸ್ಪಂಜು ನೀರಿನಲ್ಲೇ ಮುಳುಗಿ ಒಳಗಿನ ಜೀವಂತ ಬೇರಿಗೆ ಉಸಿರು ಕಟ್ಟುತ್ತದೆ.

ಲೆಕ್ಕ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗುವುದು 9 ಮಿಲಿಗ್ರಾಂ. ನಿಮ್ಮೂರಿನ ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಬಂದರೆ ಏಳೂವರೆ ಮಾತ್ರ. ಅದೂ ನಿಂತ ನೀರಿನಲ್ಲಿ ಮೇಲಿಂದ ಕೆಳಗಿಳಿಯುವುದು ಬಹಳ ನಿಧಾನ. ನಿಮ್ಮ ಹೂದಾನಿಯಲ್ಲಿ ಬೇರೆಲ್ಲ ಕತ್ತಿನವರೆಗೆ ಮುಳುಗಿತ್ತು. ಇದ್ದ ಗಾಳಿ ಎರಡು ದಿನಕ್ಕೆ ಮುಗಿದಿರಬೇಕು. ಬೇರು ಸತ್ತ ಮೇಲೆ ಕೊಳೆಸುವ ಕೆಲಸವನ್ನು ಬ್ಯಾಕ್ಟೀರಿಯಾ ವಹಿಸಿಕೊಂಡಿತು.

ವಿಡಿಯೊದವರದ್ದು ಯಾಕೆ ಬದುಕಿದೆ ಅಂದರೆ, ಒಂದೋ ಅವರು ಬೇರಿನ ತುದಿ ಮಾತ್ರ ತಾಗುವಷ್ಟು ನೀರು ಇಟ್ಟು, ಎರಡು ದಿನ ನೀರು ಐದು ದಿನ ಖಾಲಿ ಅಂತ ಮಾಡುತ್ತಿರುತ್ತಾರೆ. ಇಲ್ಲವೇ ಅದರ ಬೇರು ನೀರಿನಲ್ಲೇ ಹೊಸದಾಗಿ ಹುಟ್ಟಿದ್ದಾಗಿರುತ್ತದೆ. ಬೇರು ತಾನು ಹುಟ್ಟಿದ ಜಾಗಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಗಾಳಿಯಲ್ಲಿ ಬೆಳೆದದ್ದನ್ನು ದಿಢೀರ್ ಅಂತ ನೀರಿಗೆ ಹಾಕಿದರೆ ಹೊಂದಿಕೊಳ್ಳುವುದು ಕಡಿಮೆ. ಒದ್ದೆಯಲ್ಲೇ ಹುಟ್ಟಿದ್ದು ಒದ್ದೆಯಲ್ಲಿ ಇರುತ್ತದೆ. ಮೂರನೆಯ ಸಾಧ್ಯತೆಯೂ ಇದೆ. ವಿಡಿಯೊ ಮಾಡಿದ ಮರುವಾರ ಅವರದ್ದೂ ಕೊಳೆತಿರಬಹುದು, ಅದನ್ನು ಯಾರು ತೋರಿಸುತ್ತಾರೆ?

ಈಗ ಉಳಿಸುವ ಮಾತು. ಗಿಡ ಹೊರತೆಗೆಯಿರಿ. ಒಂದೊಂದೇ ಬೇರನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ. ಗಟ್ಟಿಯಿದ್ದರೆ ಬಣ್ಣ ಏನೇ ಇರಲಿ, ಬಿಡಿ. ಪಿಚಕ್ ಅಂದು ಸಿಪ್ಪೆ ಕಳಚಿಕೊಂಡು ಒಳಗಿನ ದಾರ ಮಾತ್ರ ಉಳಿದರೆ ಅದು ಸತ್ತಿದೆ, ಕತ್ತರಿಸಿ. ಕತ್ತರಿಯನ್ನು ಗ್ಯಾಸಿನ ಉರಿಯಲ್ಲಿ ಒಮ್ಮೆ ಹಿಡಿದು ಆರಿಸಿಕೊಳ್ಳಿ. ಕತ್ತರಿಸಿದ ಬಾಯಿಗೆ ಮಾತ್ರ ಚಕ್ಕೆ ಪುಡಿ ಮುಟ್ಟಿಸಬಹುದು. ಪೂರ್ತಿ ಬೇರಿಗೆ ಸವರಬೇಡಿ, ಅದು ಒಣಗಿಸುತ್ತದೆ. ಬೇರುಗಳ ನಡುವೆ, ಬುಡದಲ್ಲಿ, ಪಾಚಿ ಒತ್ತಿ ಮಾಡಿದ ಬಿಲ್ಲೆ ಥರ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಸಸಿ ಇದ್ದಾಗ ನರ್ಸರಿಯವರು ಕಟ್ಟಿರುತ್ತಾರೆ. ಬಹಳ ಸಲ ಕೊಳೆ ಶುರುವಾಗುವುದೇ ಅಲ್ಲಿ. ಕಡ್ಡಿಯಲ್ಲಿ ಬಿಡಿಸಿ ತೆಗೆಯಿರಿ. ಹೂವಿನ ದಂಟು ಇನ್ನೂ ಇದ್ದರೆ ಅದನ್ನೂ ಕತ್ತರಿಸಿ. ಮಗಳಿಗೆ ಬೇಸರವಾಗಬಹುದು, ಆದರೆ ಬೇರಿಲ್ಲದ ಗಿಡಕ್ಕೆ ಹೂವು ಸಾಕುವ ಶಕ್ತಿ ಇಲ್ಲ. ಒಂದು ರಾತ್ರಿ ಗಾಳಿಯಾಡುವ ಕಡೆ ಹಾಗೇ ಮಲಗಿಸಿ.

ಮರುದಿನ ಡಬ್ಬಿ ತಯಾರು ಮಾಡಿ. ಮೊಸರಿನದ್ದೋ ಸಿಹಿತಿಂಡಿಯದ್ದೋ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಣುವಂಥದ್ದಾದರೆ ಒಳ್ಳೆಯದು. ತಳದಲ್ಲಿ ತೂತು ಬೇಡ. ತಳದಿಂದ ಒಂದು ಇಂಚು ಮೇಲೆ, ಪಕ್ಕದಲ್ಲಿ, ಕಾಯಿಸಿದ ಮೊಳೆಯಿಂದ ಎರಡು ತೂತು ಮಾಡಿ. ಕ್ಲೇ ಬಾಲ್ ಅಂತ ಸಿಗುವ ಉಂಡೆಗಳನ್ನು ತೊಳೆದು ಒಂದು ದಿನ ನೆನೆಸಿಡಿ. ಆ ಕೆಂಪು ನೀರನ್ನು ಸಿಂಕಿಗೆ ಸುರಿಯಬೇಡಿ. ನಾನು ಸುರಿದು, ಪೈಪಿನಲ್ಲಿ ಜೇಡಿಮಣ್ಣು ಕಟ್ಟಿಕೊಂಡು ಪ್ಲಂಬರ್ ಕೈಲಿ ಬೈಸಿಕೊಂಡಿದ್ದೇನೆ. ಗಿಡವನ್ನು ಇಟ್ಟು ಸುತ್ತ ಉಂಡೆ ತುಂಬಿ. ಎಲೆ ಹುಟ್ಟುವ ಬುಡ ಉಂಡೆಯ ಮೇಲೇ ಇರಬೇಕು. ನಡುಸುಳಿಯಲ್ಲಿ ನೀರು ನಿಲ್ಲಬಾರದು. ಡಬ್ಬಿಯ ಬಾಯಿವರೆಗೂ ನೀರು ಹೊಯ್ಯಿರಿ. ಹೆಚ್ಚಿನದ್ದು ತೂತಿನಿಂದ ಹರಿದುಹೋಗುತ್ತದೆ, ತಳದಲ್ಲಿ ಒಂದು ಇಂಚು ಉಳಿಯುತ್ತದೆ. ಉಂಡೆಗಳು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಉಂಡೆಗಳ ನಡುವಿನ ಜಾಗದಲ್ಲಿ ಗಾಳಿ. ಪ್ರತಿ ಸಲ ಹೊಯ್ದ ನೀರು ಕೆಳಗಿಳಿಯುವಾಗ ಹೊಸ ಗಾಳಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಈ ಪದ್ಧತಿಯ ಗುಟ್ಟು ಇಷ್ಟೇ.

ಎರಡು ಗಟ್ಟಿ ಬೇರು ಉಳಿದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಎಲೆ ಸುಕ್ಕಾಗುತ್ತದೆ, ಒಂದು ಎಲೆ ಉದುರಲೂಬಹುದು. ಎರಡು ತಿಂಗಳು ಗೊಬ್ಬರದ ಹೆಸರೆತ್ತಬೇಡಿ. ಬುಡದಲ್ಲಿ ಹಸಿರು ಮೊಳಕೆ ಥರ ಹೊಸ ಬೇರಿನ ತುದಿ ಕಂಡ ದಿನ ನನಗೆ ಪತ್ರ ಬರೆಯಿರಿ.

*

ಹಾಸ್ಟೆಲ್ ಕಿಟಕಿಯಲ್ಲಿ ಬಾಟಲಿಯೊಳಗೆ ಮನಿ ಪ್ಲಾಂಟ್ ಇಟ್ಟು ಎಂಟು ತಿಂಗಳಾಯಿತು. ಮೊದಲು ಚೆನ್ನಾಗಿತ್ತು, ಈಗ ಹೊಸ ಎಲೆ ಚಿಕ್ಕದು, ತಿಳಿ ಹಳದಿ. ಬೇರು ಮಾತ್ರ ಬಾಟಲಿ ತುಂಬಾ ಇದೆ. ವಾರಕ್ಕೊಮ್ಮೆ ನೀರು ಬದಲಿಸುತ್ತೇನೆ ಆಂಟಿ.
— ವಿದ್ಯಾರ್ಥಿನಿ, ತುಮಕೂರು

ಪಾಪ, ಅದಕ್ಕೆ ಹಸಿವು. ಎಂಟು ತಿಂಗಳು ಬರೀ ನೀರು ಕುಡಿದು ಬದುಕಿದ್ದೇ ದೊಡ್ಡದು. ತಂದಾಗ ಕಾಂಡದಲ್ಲಿದ್ದ ಗಂಟು ಈಗ ಖರ್ಚಾಗಿದೆ. ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು) ತಿಂಗಳಿಗೆರಡು ಸಲ ಹಾಕಿ, ಎಷ್ಟು ಅನ್ನುವುದನ್ನು ಮುಂದಿನ ಉತ್ತರದಲ್ಲಿ ಓದಿಕೊಳ್ಳಿ. ಅಕ್ಕಿ ತೊಳೆದ ನೀರು, ಟೀ ಚರಟ, ಮೊಟ್ಟೆ ಸಿಪ್ಪೆ ಇದ್ಯಾವುದೂ ಬೇಡ. ಮಣ್ಣಿನಲ್ಲಾದರೆ ಅದನ್ನು ಕೊಳೆಸಿ ಕೊಡುವ ಹುಳಹುಪ್ಪಟೆ ಇರುತ್ತವೆ, ಬಾಟಲಿಯಲ್ಲಿ ಸುಮ್ನೆ ನಾರುತ್ತದೆ, ಪಕ್ಕದ ಹಾಸಿಗೆಯವಳು ಜಗಳ ತೆಗೆಯುತ್ತಾಳೆ.

ಬೇರಿನಲ್ಲಿ ಅರ್ಧ ಕತ್ತರಿಸಿದರೂ ಮನಿ ಪ್ಲಾಂಟಿಗೆ ಏನೂ ಆಗುವುದಿಲ್ಲ. ಬಳ್ಳಿ ಉದ್ದವಾಗಿದ್ದರೆ ಗೆಣ್ಣಿನ ಕೆಳಗೆ ಕತ್ತರಿಸಿ ಇನ್ನೊಂದು ಬಾಟಲಿ ಮಾಡಿ. ಗೆಣ್ಣು ನೀರಿನಲ್ಲಿ ಮುಳುಗಿರಬೇಕು. ಬರೀ ಎಲೆಯ ತೊಟ್ಟು ಇಟ್ಟರೆ ಅದರಿಂದ ಬಳ್ಳಿ ಬರುವುದಿಲ್ಲ.

*

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು, ಸಾಫ್ಟ್‌ನರ್ ಹಾಕಿಸಿದ್ದಾರೆ. ಕ್ಲೇ ಬಾಲ್‌ನಲ್ಲಿ ಪೀಸ್ ಲಿಲ್ಲಿ, ಸಿಂಗೋನಿಯಂ, ಎರಡು ಡೆಂಡ್ರೋಬಿಯಂ ಆರ್ಕಿಡ್ ಇಟ್ಟಿದ್ದೇನೆ. 19:19:19 ಪ್ಯಾಕೆಟ್ಟಿನ ಮೇಲೆ ಲೀಟರಿಗೆ 5 ಗ್ರಾಂ ಅಂತ ಇತ್ತು, ಹಾಗೇ ಹಾಕಿದೆ. ಎಲ್ಲ ಗಿಡದ ಎಲೆ ತುದಿ ಸುಟ್ಟ ಹಾಗಾಗಿದೆ, ಉಂಡೆ ಮೇಲೆ ಬಿಳಿ ಪುಡಿ. ಸಾಫ್ಟ್ ನೀರೇ ಅಲ್ವಾ ಕೊಡುತ್ತಿರುವುದು?
— ಓದುಗರು, ವೈಟ್‌ಫೀಲ್ಡ್, ಬೆಂಗಳೂರು

ಸಾಫ್ಟ್‌ನರ್ ನೀರು ನಿಮ್ಮ ಗೀಸರಿಗೆ ಸಾಫ್ಟು, ಗಿಡಕ್ಕಲ್ಲ. ಆ ಯಂತ್ರ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಅದಕ್ಕೇ ವಾಚ್‌ಮನ್ ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುವುದು. ಗಿಡಕ್ಕೆ ಬೇಕಾಗಿದ್ದು ಹೋಯಿತು, ಬೇಡದ್ದು ಬಂತು. ನೀರಿನಲ್ಲಿ ಕರಗಿದ ಉಪ್ಪನ್ನೆಲ್ಲ ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೂ ಗೊತ್ತಾಗುವುದಿಲ್ಲ. ಒಂದು ಉಪ್ಪಿನ ಜಾಗಕ್ಕೆ ಇನ್ನೊಂದು ಬಂದಿರುವುದರಿಂದ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಮ್ಮ ಕಟ್ಟಡದಲ್ಲಿ ಸಾಫ್ಟ್‌ನರ್ ಹಾಕಿಸುವ ಮೊದಲು 780 ಇತ್ತು, ಆಮೇಲೆಯೂ ಅದೇ ಆಸುಪಾಸು. ಆ ಅಂಕಿ ನಂಬಿಕೊಂಡು ನನ್ನ ಐದನೆಯ ಮತ್ತು ಆರನೆಯ ಆರ್ಕಿಡ್ ಕಳೆದುಕೊಂಡೆ.

ಮಣ್ಣಿನ ಕುಂಡವಾದರೆ ಮಳೆ ಬಂದಾಗ ಉಪ್ಪು ತೊಳೆದುಹೋಗುತ್ತದೆ. ಡಬ್ಬಿಯಲ್ಲಿ ಹಾಗಲ್ಲ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ನೀವು ಕಂಡ ಬಿಳಿ ಪುಡಿ ಅದೇ. ಮೇಲಿಂದ 5 ಗ್ರಾಂ ಗೊಬ್ಬರ ಬೇರೆ! ಗೊಬ್ಬರವೂ ಒಂದು ಉಪ್ಪೇ ಕಣ್ರೀ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ನೀರು ಬಿಟ್ಟು ಮುದುಡಿರುತ್ತದೆ ಅಲ್ವಾ? ನಿಮ್ಮ ಬೇರಿಗೆ ಆಗಿರುವುದು ಅದೇ. ನೀರಿನೊಳಗೆ ಕೂತೇ ಬಾಯಾರಿದೆ. ಪ್ಯಾಕೆಟ್ಟಿನ ಮೇಲಿನ ಲೆಕ್ಕ ಹೊಲದವರಿಗೆ, ಎಲೆಗೆ ಸಿಂಪಡಿಸುವುದಕ್ಕೆ. ಡಬ್ಬಿಗಲ್ಲ.

ಮಾಡಬೇಕಾದದ್ದು. ಗಿಡ, ಉಂಡೆ ಎರಡನ್ನೂ ಆರ್‌ಒ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಂಡೆಯನ್ನು ಎರಡು ದಿನ ನೆನೆಹಾಕಿ, ದಿನಕ್ಕೊಮ್ಮೆ ನೀರು ಚೆಲ್ಲಿ. ಇನ್ನು ಮುಂದೆ ಆರ್‌ಒ ನೀರೋ ಹಿಡಿದಿಟ್ಟ ಮಳೆ ನೀರೋ ಬಳಸಿ. ಕಾವೇರಿ ನೀರು ಬರುವ ಮನೆಯವರು ಅದನ್ನೇ ರಾತ್ರಿಯಿಡೀ ತೆರೆದ ಬಕೆಟ್ಟಿನಲ್ಲಿ ಇಟ್ಟು ಬಳಸಬಹುದು. ಆರ್‌ಒ ಯಂತ್ರ ಹೊರಬಿಡುವ ವೇಸ್ಟ್ ನೀರು ಮಾತ್ರ ಬೇಡ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ.

ಗೊಬ್ಬರದ ಲೆಕ್ಕ ನನ್ನದು ಹೀಗೆ. ತಲೆ ಸಮ ಮಾಡಿದ ಒಂದು ಟೀ ಚಮಚ 19:19:19, ಅಂದಾಜು 5 ಗ್ರಾಂ, ಒಂದು ಲೀಟರ್ ಬಾಟಲಿಯಲ್ಲಿ ಕರಗಿಸಿ ಕತ್ತಲಲ್ಲಿ ಇಟ್ಟುಕೊಂಡಿರುತ್ತೇನೆ. ಅದರಲ್ಲಿ 100 ಮಿಲಿಲೀಟರ್ ಬೇರೆ ಬಾಟಲಿಗೆ ತೆಗೆದು, ಆ ನೂರಕ್ಕೆ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ ಅರ್ಧ ಗ್ರಾಮಿನ ನೀರು ಸಿಕ್ಕಿತು. ಗಿಡಕ್ಕೆ ಕೊಡುವುದು ಇದು, ಆರ್ಕಿಡ್ಡಿಗೆ ಇದರಲ್ಲೂ ಅರ್ಧ. ಆದರೆ 19:19:19ರಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ, ಆರ್‌ಒ ನೀರಿನಲ್ಲಂತೂ ಏನೂ ಇಲ್ಲ. ಅದಕ್ಕೆ ಒಂದು ವಾರ ಇದು, ಮುಂದಿನ ವಾರ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ ಅರ್ಧ ಗ್ರಾಂ, ಮೂರನೇ ವಾರ ಬರೀ ನೀರು ಹೊಯ್ದು ತೊಳೆಯುವುದು. ಮೆಗ್ನೀಷಿಯಂ ಸಿಗಲಿ ಅಂತ ತಿಂಗಳಿಗೊಮ್ಮೆ ಚಿಟಿಕೆ ಎಪ್ಸಮ್ ಉಪ್ಪು. ಇವೆಲ್ಲ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತವೆ, ಅಲಂಕಾರದ ಬಾಟಲಿಯಲ್ಲಿ ಬರುವ ದುಬಾರಿ ದ್ರಾವಣ ಬೇಕಿಲ್ಲ.

ಸಮಯ ಉಳಿಸೋಣ ಅಂತ ಎರಡು ಗೊಬ್ಬರ ಒಂದೇ ಬಾಟಲಿಗೆ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ. ಕ್ಯಾಲ್ಸಿಯಂ ನೈಟ್ರೇಟಿನ ತಿಳಿ ನೀರಿಗೆ 19:19:19 ನೀರು ಸುರಿದ ಕೂಡಲೇ ಹಾಲು ಒಡೆದ ಹಾಗೆ ಬೆಳ್ಳಗಾಯಿತು. ಅರ್ಧ ಗಂಟೆಗೆ ತಳದಲ್ಲಿ ಸುಣ್ಣದಂಥ ಗಸಿ. ಕ್ಯಾಲ್ಸಿಯಮ್ಮೂ ರಂಜಕವೂ ಒಂದಕ್ಕೊಂದು ಅಂಟಿಕೊಂಡು ಕೂತವು, ಗಿಡಕ್ಕೆ ಎರಡೂ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಕ್ಷೇಪ ಅಂತ ಪಾಠ ಮಾಡಿದವಳು ಅಡುಗೆಮನೆ ಕಟ್ಟೆ ಮೇಲೆ ಅದನ್ನೇ ಮಾಡಿಕೊಂಡು ನಿಂತಿದ್ದೆ.

*

ಮನೆಯಲ್ಲಿ ಹದಿನಾಲ್ಕು ಬಾಟಲಿ ಗಿಡ ಇಟ್ಟಿದ್ದೇನೆ. ಅತ್ತೆಯವರು ಸೊಳ್ಳೆ ಆಗುತ್ತೆ, ಎಲ್ಲ ಎಸೆ ಅನ್ನುತ್ತಾರೆ. ಕೊಳಕು ನೀರಿನಲ್ಲಿ ತಾನೇ ಸೊಳ್ಳೆ ಆಗೋದು? ನಂದು ಶುದ್ಧ ಕುಡಿಯುವ ನೀರು. ಅವರಿಗೆ ಹೇಗೆ ತಿಳಿಸಿ ಹೇಳಲಿ?
— ಓದುಗರು, ಮೈಸೂರು

ತಿಳಿಸಿ ಹೇಳುವುದು ಬೇಡ, ಈ ವಿಷಯದಲ್ಲಿ ಅತ್ತೆಯವರೇ ಸರಿ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಇಷ್ಟವಾದದ್ದೇ ಮನೆಯೊಳಗಿನ ತಿಳಿ ನೀರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಗೆ ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ತಂದಿದ್ದು ನೆನಪಿರಬಹುದು.

ಹಾಗಂತ ಎಸೆಯಬೇಕಿಲ್ಲ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ನಾನು ಶನಿವಾರ ಇಟ್ಟುಕೊಂಡಿದ್ದೇನೆ. ನೀರು ಚೆಲ್ಲುವುದಷ್ಟೇ ಸಾಲದು. ಆ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಬಾಟಲಿಯ ಗೋಡೆಗೆ ಅಂಟಿಸುತ್ತದೆ. ಕಪ್ಪು ಚುಕ್ಕೆ, ಕಣ್ಣಿಗೆ ಕಾಣುವುದೇ ಕಷ್ಟ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತಾಗಿದರೆ ಮರಿಯಾಗುತ್ತದೆ. ಅದಕ್ಕೆ ಬಾಟಲಿ ತೊಳೆಯುವ ಬ್ರಷ್ ಹಾಕಿ ಒಳಗೋಡೆ ಉಜ್ಜಲೇಬೇಕು. ಪಾಚಿಯೂ ಅದರಲ್ಲೇ ಹೋಗುತ್ತದೆ. ಬಾಟಲಿಯ ಬಾಯಿಗೆ ಕಾಂಡದ ಸುತ್ತ ಹತ್ತಿ ತುರುಕಿ. ಕ್ಲೇ ಬಾಲ್ ಡಬ್ಬಿಯ ಪಕ್ಕದ ತೂತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿ. ಎಲ್ಲಕ್ಕಿಂತ ಹೆಚ್ಚು ಮರಿ ಸಿಗುವುದು ಡಬ್ಬಿಯ ಕೆಳಗಿಟ್ಟ ತಟ್ಟೆಯಲ್ಲಿ, ಅದನ್ನೇ ಎಲ್ಲರೂ ಮರೆಯುತ್ತಾರೆ.

ಹದಿನಾಲ್ಕನ್ನು ಪ್ರತಿ ವಾರ ಉಜ್ಜಲು ಪುರುಸೊತ್ತು ಇಲ್ಲ ಅಂದರೆ ಆರು ಇಟ್ಟುಕೊಳ್ಳಿ. ಉಳಿದವನ್ನು ಮಣ್ಣಿಗೆ ಹಾಕಿ. ಅತ್ತೆಯವರಿಗೆ ಒಂದು ಕೊಟ್ಟು ನೋಡಿ.

*

ಮೂರು ವರ್ಷದಿಂದ ಫಲನಾಪ್ಸಿಸ್ ಕ್ಲೇ ಬಾಲ್‌ನಲ್ಲಿದೆ. ಎಲೆ ಅಂಗೈಗಿಂತ ದೊಡ್ಡದು, ಬೇರು ಡಬ್ಬಿಯಿಂದ ಹೊರಬಂದಿದೆ. ಹೂವು ಮಾತ್ರ ತಂದ ವರ್ಷದ ನಂತರ ಒಂದೂ ಇಲ್ಲ. ಯಾವ ಗೊಬ್ಬರ ಹಾಕಲಿ?
— ಓದುಗರು, ಮಂಗಳೂರು

ಗೊಬ್ಬರದ ಮಾತೇ ಅಲ್ಲ. ನಿಮ್ಮ ಗಿಡ ಸುಖವಾಗಿದೆ, ನಿಮ್ಮೂರಿಗೆ ಚಳಿಯಿಲ್ಲ, ಅಷ್ಟೇ. ಫಲನಾಪ್ಸಿಸ್ ಹೂದಂಟು ಬಿಡಬೇಕಾದರೆ ಕೆಲವು ವಾರ ಉಷ್ಣಾಂಶ 25 ಡಿಗ್ರಿಗಿಂತ ಕೆಳಗಿರಬೇಕು. 28ರ ಮೇಲೆ ಇದ್ದರೆ ಬರೀ ಎಲೆ. ಬೆಂಗಳೂರಿನಲ್ಲಿ ನವೆಂಬರ್, ಡಿಸೆಂಬರ್ ಚಳಿ ಆ ಕೆಲಸವನ್ನು ತಾನೇ ಮಾಡುತ್ತದೆ. ನಾನು ಏನೂ ಮಾಡದೆ ಸಂಕ್ರಾಂತಿ ಹೊತ್ತಿಗೆ ದಂಟು ಬಂದಿರುತ್ತದೆ, ಬಂದವರು ನನ್ನನ್ನು ಹೊಗಳುತ್ತಾರೆ. ಕರಾವಳಿಯಲ್ಲಿ ಆ ಭಾಗ್ಯವಿಲ್ಲ. ಎಸಿ ಇರುವ ಕೋಣೆಯ ಕಿಟಕಿಯಲ್ಲಿ ಆರು ವಾರ ಇಟ್ಟು ನೋಡಬಹುದು, ಬೆಳಕು ಚೆನ್ನಾಗಿ ಬೀಳಬೇಕು. ಆದರೆ ಗಿಡಕ್ಕಾಗಿ ಎಸಿ ಹಾಕಿಸಿ ಅಂತ ನಾನು ಹೇಳಲಾರೆ.

ನಿಮ್ಮೂರಿನ ಹವೆಗೆ ಡೆಂಡ್ರೋಬಿಯಂ ಇಡಿ, ವಾಂಡಾ ಇಡಿ. ವಾಂಡಾಕ್ಕೆ ಉಂಡೆಯೂ ಬೇಡ. ದೊಡ್ಡ ಗಾಜಿನ ಪಾತ್ರೆಯಲ್ಲಿ ಬೇರು ಇಳಿಬಿಟ್ಟು, ಬೆಳಗ್ಗೆ ನೀರು ತುಂಬಿಸಿ, ತಿಂಡಿ ತಿಂದು ಬಂದು ಇಪ್ಪತ್ತು ನಿಮಿಷಕ್ಕೆ ಪೂರ್ತಿ ಚೆಲ್ಲಿಬಿಡುವುದು. ಬೇಸಿಗೆಯಲ್ಲಿ ದಿನಾ, ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ. ಬಿಸಿಲು ಮಾತ್ರ ಜಾಸ್ತಿ ಬೇಕು.

*

ಕ್ಲೇ ಬಾಲ್ ನಮ್ಮೂರಲ್ಲಿ ಸಿಗುವುದಿಲ್ಲ, ತರಿಸಿದರೆ ಕೊರಿಯರ್ ಖರ್ಚೇ ಜಾಸ್ತಿ. ಬದಲಿಗೆ ಏನು ಹಾಕಬಹುದು? ತೋಟದ ಮರದಲ್ಲಿ ಸೀತಾಳೆ ದಂಡೆ ಬಹಳ ಇದೆ, ಅದನ್ನೂ ಹೀಗೆ ಬೆಳೆಸಬಹುದಾ?
— ಓದುಗರು, ಶಿರಸಿ

ಹಂಚಿನ ಚೂರು! ಹಳೆ ಮನೆ ಕೆಡವಿದ ಕಡೆ ಮಂಗಳೂರು ಹಂಚು ರಾಶಿ ಬಿದ್ದಿರುತ್ತದೆ. ಕ್ಲೇ ಬಾಲ್ ಅಂದರೂ ಜೇಡಿಮಣ್ಣೇ. 1,200 ಡಿಗ್ರಿ ಹತ್ತಿರ ಸುಡುವಾಗ ಒಳಗೆ ಅನಿಲ ಹುಟ್ಟಿ ಅರಳಿನ ಹಾಗೆ ಉಬ್ಬುತ್ತದೆ, ಅದಕ್ಕೆ ಹಗುರ. ಹಂಚು ಉಬ್ಬಿಲ್ಲ, ತೂಕ ಜಾಸ್ತಿ, ಒಳಗೆ ಗಾಳಿ ಕಡಿಮೆ. ಆದರೆ ನೀರು ಎಳೆಯುವುದರಲ್ಲಿ ಏನೂ ಕಮ್ಮಿಯಿಲ್ಲ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಅಡಿಕೆ ಗಾತ್ರಕ್ಕೆ ಒಡೆಯಿರಿ. ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ, ಇಲ್ಲದಿದ್ದರೆ ಚೂರುಗಳ ನಡುವೆ ಕೂತು ಗಾಳಿಯ ದಾರಿ ಮುಚ್ಚುತ್ತದೆ. ಬಣ್ಣ ಬಳಿದ ಹಂಚು ಬೇಡ. ಪಾಚಿ ಹಿಡಿದಿದ್ದರೆ ಬಿಸಿ ನೀರಿನಲ್ಲಿ ಕುದಿಸಿ. ಅಂಚು ಹರಿತ, ಕೈ ಜೋಪಾನ. ನನ್ನ ಹತ್ತಿರ ಒಂದು ಆಂಕಿಡಿಯಂ ಆರ್ಕಿಡ್ ನಾಲ್ಕು ವರ್ಷದಿಂದ ಹಂಚಿನಲ್ಲೇ ಇದೆ. ಕ್ಲೇ ಬಾಲ್‌ನದ್ದಕ್ಕಿಂತ ಒಂದು ದಂಟು ಹೆಚ್ಚೇ ಕೊಟ್ಟಿದೆ, ಯಾಕೆ ಅಂತ ಕೇಳಬೇಡಿ.

ಸೀತಾಳೆ ದಂಡೆ ಮರದಲ್ಲೇ ಇರಲಿ. ಕಿತ್ತರೆ ತೊಗಟೆಗೆ ಅಂಟಿದ ಬೇರು ಹರಿಯುತ್ತದೆ, ಡಬ್ಬಿಯಲ್ಲಿ ಒಂದು ವರ್ಷ ಸುಮ್ನೆ ಕೂತು ಕೊನೆಗೆ ಸೊರಗುತ್ತದೆ. ಅದರ ಬೀಜ ಹಿಟ್ಟಿಗಿಂತ ನಯ, ಒಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ತೊಗಟೆಯ ಮೇಲಿನ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಮೊಳೆಯುತ್ತದೆ. ಒಂದು ಗಿಡ ಹೋದರೆ ಅದರ ಜಾಗಕ್ಕೆ ಇನ್ನೊಂದು ಬರಲು ಎಷ್ಟೋ ವರ್ಷ ಬೇಕು. ಬಂದಳಿಕೆ ಅಂದುಕೊಂಡು ಕಡಿದುಹಾಕುವವರೂ ಇದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ, ಇದು ಬರೀ ಕೂರಲು ಜಾಗ ಕೇಳುತ್ತದೆ. ಗಾಳಿಗೆ ಕೊಂಬೆ ಮುರಿದು ನೆಲಕ್ಕೆ ಬಿದ್ದದ್ದು ಸಿಕ್ಕರೆ, ಬಾಳೆ ಪಟ್ಟೆಯ ನಾರಿನಲ್ಲಿ ಇನ್ನೊಂದು ಮರಕ್ಕೆ ಕಟ್ಟಿ. ನಾರು ಕರಗುವ ಹೊತ್ತಿಗೆ ಬೇರು ಹಿಡಿದಿರುತ್ತದೆ.

*

ಅಕ್ಕಾ, ನಾವು ಮ್ಯೂನಿಕ್‌ನಲ್ಲಿದ್ದೇವೆ. ಸೂಪರ್‌ಮಾರ್ಕೆಟ್ಟಿನಿಂದ ತಂದ ಆರ್ಕಿಡ್ಡನ್ನು ನವೆಂಬರಿನಲ್ಲಿ ಕ್ಲೇ ಬಾಲ್‌ಗೆ ಬದಲಿಸಿದೆ. ಕಿಟಕಿಯಲ್ಲೇ ಇದೆ, ಕೆಳಗೆ ಹೀಟರ್. ಬೇರು ಒಂದೊಂದೇ ಹೋಗುತ್ತಿದೆ.
— ಓದುಗರು, ಜರ್ಮನಿ

ಮಣ್ಣಿಲ್ಲದೆ ಗಿಡ ಬೆಳೆಸಬಹುದು ಅಂತ 1860ರ ಸುಮಾರಿಗೆ ಲೆಕ್ಕಾಚಾರವಾಗಿ ತೋರಿಸಿಕೊಟ್ಟ ಯೂಲಿಯಸ್ ಸಾಕ್ಸ್, ವಿಲ್ಹೆಲ್ಮ್ ಕ್ನೋಪ್ ಇಬ್ಬರೂ ನೀವಿರುವ ದೇಶದವರೇ. ನೀವು ನನ್ನನ್ನು ಕೇಳುತ್ತೀರಲ್ಲ!

ನಿಮ್ಮ ತಪ್ಪು ಒಂದೇ, ತಿಂಗಳು. ನವೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಗಿಡ ಹೊಸ ಬೇರು ಬಿಡುವ ಕಾಲವಲ್ಲ, ಹಳೆಯ ಬೇರು ಹೊಸ ಜಾಗಕ್ಕೆ ಹೊಂದಿಕೊಳ್ಳಲಿಲ್ಲ. ಇನ್ನೊಂದು ವಿಷಯ. ಒದ್ದೆ ಉಂಡೆ ನಮ್ಮ ಮಣ್ಣಿನ ಹೂಜಿ ಥರವೇ, ನೀರು ಆವಿಯಾಗುತ್ತಾ ತಣ್ಣಗಾಗುತ್ತದೆ. ಹೀಟರಿನ ಒಣಗಾಳಿಗೆ ಇನ್ನೂ ಜಾಸ್ತಿ. ಪಕ್ಕದಲ್ಲಿ ಚಳಿಗಾಲದ ಕಿಟಕಿಯ ಗಾಜು ಬೇರೆ. ಎಲೆಗೆ ಬೆಚ್ಚಗೆ, ಬೇರಿಗೆ ಫ್ರಿಜ್. ಕಿಟಕಿಯಿಂದ ಒಂದು ಮೊಳ ಒಳಗೆ ತನ್ನಿ, ಡಬ್ಬಿಯ ಕೆಳಗೆ ದಪ್ಪ ಮರದ ತುಂಡು ಇಡಿ, ಬೆಚ್ಚಗಿನ ನೀರೇ ಹೊಯ್ಯಿರಿ. ನಿಮ್ಮ ನಲ್ಲಿ ನೀರು ಸುಣ್ಣದ್ದು, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿ. ಉಳಿದವರೂ ಇದನ್ನು ನೆನಪಿಡಿ: ಬುಡದಲ್ಲಿ ಹೊಸ ಬೇರಿನ ಹಸಿರು ತುದಿ ಕಂಡಾಗ ಮಾತ್ರ ಡಬ್ಬಿ ಬದಲಿಸಬೇಕು. ಆ ಬೇರು ಉಂಡೆಯೊಳಗೇ ಇಳಿದು ಅಲ್ಲಿಯದ್ದಾಗಿ ಬೆಳೆಯುತ್ತದೆ.

*

ಸಣ್ಣಪುಟ್ಟ ಪ್ರಶ್ನೆಗಳಿಗೆ ಬೇಗ ಬೇಗ ಉತ್ತರ.

ತುಳಸಿ ನೀರಿನಲ್ಲಿ ಬೆಳೆಯುತ್ತಾ? (ಹಾಸನ) ಬೇರು ಬಿಡುತ್ತದೆ. ಬಿಟ್ಟ ಮೇಲೆ ಮಣ್ಣಿಗೆ ಹಾಕಿ, ಬಾಟಲಿಯಲ್ಲಿ ಸೊರಗುತ್ತದೆ. ಪುದೀನ, ದೊಡ್ಡಪತ್ರೆ ತಿಂಗಳುಗಟ್ಟಲೆ ಇರುತ್ತವೆ.

ಲಕ್ಕಿ ಬಿದಿರು ಹಳದಿಯಾದರೆ ಅಪಶಕುನವಾ? (ಬಳ್ಳಾರಿ) ಅದು ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ. ನಲ್ಲಿ ನೀರು ಬಿಟ್ಟು ಮಳೆ ನೀರು ಹಾಕಿ. ಕಾಂಡವೇ ಹಳದಿಯಾಗಿದ್ದರೆ ಆ ಒಂದು ಕಡ್ಡಿಯನ್ನು ತೆಗೆದುಹಾಕಿ, ಪಕ್ಕದವಕ್ಕೂ ಅಂಟುತ್ತದೆ.

ಬೆಕ್ಕು ಬಾಟಲಿಯ ಮನಿ ಪ್ಲಾಂಟ್ ಎಲೆ ಕಡಿಯುತ್ತದೆ. (ಮಂಡ್ಯ) ಎತ್ತರಕ್ಕೆ ಏರಿಸಿ. ಆ ಎಲೆಯಲ್ಲಿ ಸೂಜಿಯಂಥ ಹರಳುಗಳಿವೆ, ಕೆಸುವಿನ ಹಾಗೆ ಬಾಯಿ ತುರಿಸಿ ಉರಿಯುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲೂ ಜಾಗ್ರತೆ.

ನೀರಿಗೆ ಇದ್ದಿಲು ಹಾಕಲೇಬೇಕಾ? (ದಾವಣಗೆರೆ) ಹಾಕಿದರೂ ಸರಿ, ಬಿಟ್ಟರೂ ಸರಿ. ಹಾಕಿದ್ದೀನಲ್ಲ ಅಂತ ನೀರು ಬದಲಿಸುವುದನ್ನು ಬಿಡಬೇಡಿ. ಇಸ್ತ್ರಿ ಅಂಗಡಿಯಿಂದ ತರುವುದಾದರೆ ಉರಿಯದೆ ಉಳಿದ ಮರದ ಇದ್ದಿಲು ಕೇಳಿ ತನ್ನಿ, ಬೂದಿ ತೊಳೆದು ಹಾಕಿ. ನಮ್ಮ ಬೀದಿಯ ಇಸ್ತ್ರಿಯವರು ಈಗ ಗ್ಯಾಸಿಗೆ ಬದಲಾಗಿದ್ದಾರೆ, ನಾನು ಹಾಕುವುದನ್ನು ಬಿಟ್ಟೆ. ಗಿಡಗಳಿಗೆ ಗೊತ್ತಾದ ಹಾಗಿಲ್ಲ.